ಬಡ ಹಿರಿಯರಿಗೆ ಔಷಧದಾನ: ಆರೋಗ್ಯ ಮತ್ತು ಹಲ್ಲಿನ ಚಿಕಿತ್ಸೆ

ಶ್ರಾವಕರಿಗೆ ಹೇಳಿರುವ ನಾಲ್ಕು ದಾನಗಳು ಆಹಾರ, ಔಷಧ, ಶಾಸ್ತ್ರ ಮತ್ತು ಅಭಯ. ಇವುಗಳಲ್ಲಿ ಔಷಧದಾನವೆಂದರೆ ಮಾತ್ರೆ, ಟಾನಿಕ್ಕು ಕೊಡಿಸುವುದಷ್ಟೇ ಅಲ್ಲ. ಕಾಯಿಲೆಯವರನ್ನು ವೈದ್ಯರ ಬಳಿ ಕರೆದೊಯ್ಯುವುದು, ಆರೈಕೆ ಮಾಡುವುದು, ಗುಣವಾಗುವ ತನಕ ಜೊತೆಗಿರುವುದು ಎಲ್ಲವೂ ಅದರೊಳಗೆ ಬರುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಆಹಾರ, ಔಷಧ, ಉಪಕರಣ, ಆವಾಸ ಎಂಬ ನಾಲ್ಕನ್ನು ವೈಯಾವೃತ್ಯದ ಪ್ರಕಾರಗಳಾಗಿ ಎಣಿಸುತ್ತದೆ; ಔಷಧದಾನಕ್ಕೆ ವೃಷಭಸೇನೆಯನ್ನು ದೃಷ್ಟಾಂತವಾಗಿ ಹೆಸರಿಸುತ್ತದೆ. ಆರು ಅಂತರಂಗ ತಪಗಳ ಪಟ್ಟಿಯಲ್ಲಿಯೂ ವೈಯಾವೃತ್ಯವಿದೆ.

ಈ ಮಾತುಗಳು ಮೊದಲಿಗೆ ಮುನಿಗಳ, ಆರ್ಯಿಕೆಯರ ಸೇವೆಯನ್ನು ಕುರಿತವು. ಆದರೆ ಗೃಹಸ್ಥರ ನಡುವಿನ ನೆರವಿಗೂ ಶಾಸ್ತ್ರದಲ್ಲಿ ಸ್ಥಾನವಿದೆ. ಜಿನಸೇನಾಚಾರ್ಯರ ಮಹಾಪುರಾಣ ದಾನವನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ವಿಂಗಡಿಸುತ್ತದೆ. ಕಷ್ಟದಲ್ಲಿರುವ ಯಾವುದೇ ಜೀವಿಗೆ ಮಾಡುವುದು ದಯಾದತ್ತಿ. ತನಗೆ ಸಮಾನನಾದ ಸಾಧರ್ಮಿಕನಿಗೆ ಗೌರವದಿಂದ ಕೊಡುವುದು ಸಮದತ್ತಿ. ಬಡ ಹಿರಿಯರ ಚಿಕಿತ್ಸೆಯ ವಿಷಯದಲ್ಲಿ ಈ ಎರಡನೆಯ ಮಾತನ್ನು ನೆನಪಿಡುವುದು ಒಳ್ಳೆಯದು. ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವ ಸಮದತ್ತಿಯಲ್ಲಿ ಇಲ್ಲ.

ಕನ್ನಡ ನಾಡಿನ ಜೈನರಿಗೂ ವೈದ್ಯಕ್ಕೂ ಹಳೆಯ ನಂಟು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ಕಲ್ಯಾಣಕಾರಕವು ಮದ್ಯ, ಮಾಂಸ, ಜೇನುಗಳಿಲ್ಲದ ಚಿಕಿತ್ಸೆಯನ್ನು ಪ್ರತಿಪಾದಿಸುವ ವೈದ್ಯಗ್ರಂಥ. ಕೀರ್ತಿವರ್ಮನ ಗೋವೈದ್ಯ, 14ನೇ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ ಕನ್ನಡದಲ್ಲೇ ಬಂದವು. ಗೋವೈದ್ಯ ದನಕರುಗಳ ಚಿಕಿತ್ಸೆಯದು, ಖಗೇಂದ್ರಮಣಿದರ್ಪಣ ವಿಷಚಿಕಿತ್ಸೆಯದು.

ನೆರವು ಬೇಕಾದವರು ಯಾರು

ಜೈನರೆಂದರೆ ವ್ಯಾಪಾರಸ್ಥರು, ಅನುಕೂಲಸ್ಥರು ಎಂಬ ಮಾತು ಹೊರಗಿನವರಲ್ಲಷ್ಟೇ ಅಲ್ಲ, ನಗರಗಳ ನಮ್ಮ ಸಮಾಜದವರಲ್ಲೂ ಇದೆ. ಬೆಳಗಾವಿ, ಬಾಗಲಕೋಟೆ, ಧಾರವಾಡ ಜಿಲ್ಲೆಗಳ ಹಳ್ಳಿಗಳಿಗೆ ಹೋದರೆ ಆ ಮಾತು ನಿಲ್ಲುವುದಿಲ್ಲ. ಅಲ್ಲಿನ ಜೈನ ಸಮಾಜದ ಬಹುಭಾಗ ಒಕ್ಕಲುತನದವರು. ಎರಡು-ಮೂರು ಎಕರೆ ಒಣಬೇಸಾಯ ಇರುವವರು, ಭೂಮಿ ಪಾಲಾಗಿ ಕೂಲಿಗೆ ಹೋಗುವವರು ಇದ್ದಾರೆ. ಕರಾವಳಿ, ಮಲೆನಾಡು, ಹಾಸನ, ತುಮಕೂರು ಕಡೆಯ ಹಳ್ಳಿ ಬಸದಿಗಳಲ್ಲಿ ಅಲ್ಪ ಸಂಭಾವನೆಗೆ ನಿತ್ಯಪೂಜೆ ನಡೆಸಿ ಮುಪ್ಪಾದ ಪುರೋಹಿತರು ಇದ್ದಾರೆ. ಮಕ್ಕಳು ಊರು ಬಿಟ್ಟ ಮೇಲೆ ಒಂಟಿಯಾಗಿ ಉಳಿದ ವಿಧವೆಯರಂತೂ ಪ್ರತಿ ಊರಿನಲ್ಲೂ ಇದ್ದಾರೆ.

ಇವರಲ್ಲಿ ಹೆಚ್ಚಿನವರು ಕೇಳುವುದಿಲ್ಲ. ಬಸದಿಯಲ್ಲಿ ಕೈಲಾದಷ್ಟು ಕಾಣಿಕೆ ಹಾಕಿಯೇ ಅಭ್ಯಾಸವಾದವರಿಗೆ ಅದೇ ಬಸದಿಯ ಸಮಿತಿಯ ಮುಂದೆ ನಿಂತು ಹಲ್ಲು ಕಟ್ಟಿಸಿಕೊಡಿ ಎನ್ನುವುದು ಸುಲಭವಲ್ಲ. ‘ಇನ್ನೆಷ್ಟು ದಿನ, ನನಗ್ಯಾಕೆ ಬೇಕು ಹಲ್ಲು’ ಎಂದು ಮಾತು ಮುಗಿಸುತ್ತಾರೆ. ಮನೆಯವರು ಅದನ್ನು ವೈರಾಗ್ಯವೆಂದು ತಿಳಿದು ಸುಮ್ಮನಾಗುವುದೂ ಉಂಟು. ವ್ರತದಿಂದ ಬಿಡುವುದಕ್ಕೂ ದುಡ್ಡಿಲ್ಲದೆ ಬಿಡುವುದಕ್ಕೂ ಇರುವ ಅಂತರವನ್ನು ಹತ್ತಿರದವರೇ ಗುರುತಿಸಬೇಕು. ನೋವನ್ನು ಸಹಿಸಿಕೊಂಡು ಗಂಜಿ ಕುಡಿಯುತ್ತಿರುವ ಅಜ್ಜಿ ತಪಸ್ಸು ಮಾಡುತ್ತಿದ್ದಾರೆಂದು ಭಾವಿಸುವುದು ಅನುಕೂಲಕರವಾದ ತಪ್ಪು ಕಲ್ಪನೆ.

ಬಾಯಿಯ ಆರೋಗ್ಯ ಏಕೆ ಮುಖ್ಯ

ಕಣ್ಣಿನ ಪೊರೆ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗ್ಗೆ ಈಗ ತಿಳಿವಳಿಕೆ ಹೆಚ್ಚಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತವಾಗಿ ನಡೆಯುತ್ತದೆ, ಮಾತ್ರೆಗಳೂ ಸಿಗುತ್ತವೆ. ಹಲ್ಲು ಮಾತ್ರ ಕೊನೆಯ ಸಾಲಿನಲ್ಲಿದೆ. ಮುದುಕರಿಗೆ ಹಲ್ಲು ಬೀಳುವುದು ಸಹಜ ಎಂಬ ನಂಬಿಕೆ ಇದಕ್ಕೆ ಕಾರಣ. ನಿಜದಲ್ಲಿ ಹಲ್ಲು ಬೀಳುವುದು ವಯಸ್ಸಿನಿಂದಲ್ಲ. ಒಸಡಿನ ರೋಗ ಮತ್ತು ಹುಳುಕಿನಿಂದ. ವಯಸ್ಸಾದಂತೆ ಒಸಡು ಹಿಂದೆ ಸರಿದು ಬೇರಿನ ಭಾಗ ಹೊರಬೀಳುತ್ತದೆ, ಅಲ್ಲಿ ಹುಳುಕು ಬೇಗ ಹಿಡಿಯುತ್ತದೆ. ರಕ್ತದೊತ್ತಡ, ಖಿನ್ನತೆ, ಅಲರ್ಜಿಗಳಿಗೆ ಕೊಡುವ ಹಲವು ಮಾತ್ರೆಗಳು ಜೊಲ್ಲನ್ನು ಕಡಿಮೆ ಮಾಡುತ್ತವೆ. ಬಾಯಿ ಒಣಗಿದರೆ ಹುಳುಕು ಇನ್ನೂ ಹೆಚ್ಚುತ್ತದೆ.

ಸಕ್ಕರೆ ಕಾಯಿಲೆಗೂ ಒಸಡಿಗೂ ಎರಡು ಕಡೆಯ ಸಂಬಂಧವಿದೆ. ಸಕ್ಕರೆ ಹತೋಟಿ ತಪ್ಪಿದರೆ ಒಸಡು ಕೀವುಗಟ್ಟುತ್ತದೆ. ಒಸಡಿನ ಸೋಂಕು ಉಳಿದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ.

ಹಲ್ಲಿಲ್ಲದವರ ಊಟವೇ ಬದಲಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಶೇಂಗಾ ಬಿಟ್ಟುಹೋಗಿ ಅನ್ನ-ಸಾರು, ಚಹಾದಲ್ಲಿ ಅದ್ದಿದ ಬಿಸ್ಕತ್ತು ಉಳಿಯುತ್ತದೆ. ಮಾಂಸ, ಮೊಟ್ಟೆ ಮುಟ್ಟದ, ಗಡ್ಡೆ-ಗೆಣಸುಗಳನ್ನೂ ಬಿಟ್ಟಿರುವ ಜೈನ ಹಿರಿಯರಿಗೆ ಕಾಳು-ಬೇಳೆ, ಶೇಂಗಾ, ಹಾಲುಗಳೇ ಪ್ರೋಟೀನಿನ ಮೂಲ. ಅಗಿಯಲಾಗದೆ ಕಾಳು ಬಿಟ್ಟರೆ ಮೈಯ ಸ್ನಾಯುಗಳೇ ಕರಗುತ್ತವೆ, ನಡೆಯುವಾಗ ಜೋಲಿ ತಪ್ಪುತ್ತದೆ. ಇತರ ಮನೆಗಳಿಗಿಂತ ಜೈನ ಮನೆಗಳಲ್ಲಿ ಹಲ್ಲಿನ ಸೆಟ್ಟಿಗೆ ಹೆಚ್ಚು ಬೆಲೆ ಇರುವುದು ಇದಕ್ಕಾಗಿ.

ಇನ್ನೊಂದು ಅಂಶವನ್ನು ಬಿಡಿಸಿ ಹೇಳಬೇಕು. ನಾಲಿಗೆ ಉರಿ, ನಾಲಿಗೆ ಕೆಂಪಾಗಿ ನುಣುಪಾಗುವುದು, ಕೈಕಾಲು ಜುಮ್ಮೆನ್ನುವುದು, ಮರೆವು ಇವೆಲ್ಲ ಬಿ12 ವಿಟಮಿನ್ ಕೊರತೆಯ ಲಕ್ಷಣಗಳಿರಬಹುದು. ಈ ವಿಟಮಿನ್ ಸಸ್ಯಾಹಾರದಲ್ಲಿ ಹಾಲು, ಮೊಸರುಗಳಲ್ಲಿ ಮಾತ್ರ ಸ್ವಲ್ಪಮಟ್ಟಿಗೆ ಸಿಗುತ್ತದೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಕೊರತೆ ಇನ್ನೂ ಹೆಚ್ಚು. ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಚುಚ್ಚುಮದ್ದು ಅಥವಾ ಮಾತ್ರೆಯಿಂದ ಸರಿಹೋಗುತ್ತದೆ. ‘ಖಾರ ತಿಂದದ್ದಕ್ಕೆ ನಾಲಿಗೆ ಉರಿ’ ಎಂದು ಕಳೆದುಬಿಡುವಂಥದ್ದಲ್ಲ.

ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ, ಮಿಶ್ರಿ ತಿಕ್ಕುವ ಅಭ್ಯಾಸ ಹಳೆಯ ತಲೆಮಾರಿನ ಹೆಂಗಸರಲ್ಲೂ ಇದೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡರೆ ಶಿಬಿರಕ್ಕೆ ಕಾಯದೆ ದಂತವೈದ್ಯರಿಗೆ ತೋರಿಸಬೇಕು. ಬಾಯಿ ಕ್ಯಾನ್ಸರ್ ಬೇಗ ಗುರುತಿಸಿದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಹಲ್ಲಿನ ಸೆಟ್ಟು ಕಟ್ಟಿಸುವುದು ಹೇಗೆ ನಡೆಯುತ್ತದೆ

ಪೂರ್ಣ ಸೆಟ್ಟು ಒಂದೇ ದಿನದ ಕೆಲಸವಲ್ಲ. ಮೊದಲ ಭೇಟಿಯಲ್ಲಿ ಬಾಯಿಯ ಅಚ್ಚು ತೆಗೆಯುತ್ತಾರೆ. ಎರಡನೆಯದರಲ್ಲಿ ಆ ಬಾಯಿಗೇ ಮಾಡಿದ ತಟ್ಟೆಯಿಂದ ಇನ್ನಷ್ಟು ನಿಖರವಾದ ಅಚ್ಚು. ಮೂರನೆಯದರಲ್ಲಿ ಮೇಲಿನ-ಕೆಳಗಿನ ದವಡೆ ಹೇಗೆ ಕೂಡುತ್ತವೆ ಎಂಬ ಅಳತೆ. ನಾಲ್ಕನೆಯದರಲ್ಲಿ ಮೇಣದ ಮೇಲೆ ಜೋಡಿಸಿದ ಹಲ್ಲನ್ನು ಬಾಯಲ್ಲಿಟ್ಟು ನೋಡುತ್ತಾರೆ. ಐದನೆಯ ಸಲ ಅಕ್ರಿಲಿಕ್ ಸೆಟ್ಟು ಕೈಗೆ ಬರುತ್ತದೆ. ಆಮೇಲೂ ಎಲ್ಲಿ ಒತ್ತುತ್ತದೆ, ಎಲ್ಲಿ ಹುಣ್ಣಾಗುತ್ತದೆ ನೋಡಿ ಉಜ್ಜಿಸಿಕೊಳ್ಳಲು ಎರಡು-ಮೂರು ಸಲ ಹೋಗಬೇಕು. ಅಲುಗಾಡುವ ಹಲ್ಲುಗಳನ್ನು ಕೀಳಿಸಿದ್ದರೆ ಒಸಡು ಮಾಯಲು ಸಾಮಾನ್ಯವಾಗಿ ಎರಡು-ಮೂರು ತಿಂಗಳು ಕಾಯಿಸುತ್ತಾರೆ.

ಒಂದು ದಿನದ ಶಿಬಿರಗಳ ತೊಂದರೆ ಇಲ್ಲಿದೆ. ಬೆಳಿಗ್ಗೆ ಉದ್ಘಾಟನೆ, ಮಧ್ಯಾಹ್ನದವರೆಗೆ ಕೀಳಬೇಕಾದ ಹಲ್ಲುಗಳನ್ನು ಕೀಳುವುದು, ಸಂಜೆಗೆ ಬ್ಯಾನರ್ ಇಳಿಸುವುದು. ನಾಲ್ಕು ಹಲ್ಲಿನಲ್ಲಿ ಹೇಗೋ ರೊಟ್ಟಿ ಮುರಿಯುತ್ತಿದ್ದ ಅಜ್ಜನಿಗೆ ಆ ನಾಲ್ಕೂ ಹೋಗಿ, ಸೆಟ್ಟು ಬರದಿದ್ದರೆ ಶಿಬಿರದಿಂದ ನಷ್ಟವೇ ಆಯಿತು. ಕೀಳುವ ಶಿಬಿರ ನಡೆಸುವವರು ಕಟ್ಟಿಸುವ ಏರ್ಪಾಡನ್ನು ಮೊದಲೇ ಮಾಡಿಕೊಂಡಿರಬೇಕು. ನೂರು ಜನರನ್ನು ತಪಾಸಣೆ ಮಾಡಿಸಿದ ಸಮಿತಿಗಿಂತ ಹತ್ತು ಜನರಿಗೆ ಸೆಟ್ಟು ಕೂಡಿಸಿ, ಆರು ತಿಂಗಳ ನಂತರ ಅವರು ಅದನ್ನು ಹಾಕಿಕೊಳ್ಳುತ್ತಿದ್ದಾರೆಯೇ ಎಂದು ವಿಚಾರಿಸಿದ ಸಮಿತಿಯ ಕೆಲಸ ದೊಡ್ಡದು. ಎಷ್ಟೋ ಮನೆಗಳಲ್ಲಿ ಉಚಿತವಾಗಿ ಬಂದ ಸೆಟ್ಟು ಗೂಡಿನಲ್ಲಿ ಡಬ್ಬಿಯೊಳಗೆ ಕೂತಿರುತ್ತದೆ. ಒತ್ತಿದ ಜಾಗವನ್ನು ಉಜ್ಜಿಸಿಕೊಡಲು ಎರಡನೆಯ ಸಲ ಕರೆದೊಯ್ಯುವವರು ಇರಲಿಲ್ಲ, ಅಷ್ಟೇ.

ಸೆಟ್ಟನ್ನು ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು. ಬಿಸಿನೀರಿನಲ್ಲಿ ಇಟ್ಟರೆ ಸೊಟ್ಟಗಾಗುತ್ತದೆ. ಟೂತ್‌ಪೇಸ್ಟ್ ಗೀರು ಮಾಡುವುದರಿಂದ ಮೆದು ಬ್ರಷ್ಷು, ಸೋಪಿನ ನೀರು ಸಾಕು. ಹಗಲು-ರಾತ್ರಿ ಹಾಕಿಕೊಂಡೇ ಇದ್ದರೆ ಅಂಗಳದಲ್ಲಿ ಬೂಷ್ಟಿನ ಸೋಂಕು ತಗಲಿ ಕೆಂಪಾಗುತ್ತದೆ. ವರ್ಷಗಳು ಕಳೆದಂತೆ ದವಡೆಯ ಮೂಳೆ ಸವೆದು ಸೆಟ್ಟು ಸಡಿಲವಾಗುವುದು ಸಹಜ. ಆಗ ಒಳಪದರ ಹಾಕಿಸಬಹುದು ಅಥವಾ ಹೊಸದು ಮಾಡಿಸಬೇಕಾಗಬಹುದು.

ಎಲ್ಲಿ ಸಿಗುತ್ತದೆ

ಧಾರವಾಡದ ಸತ್ತೂರಿನಲ್ಲಿರುವ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು 1986ರಲ್ಲಿ ಧರ್ಮಸ್ಥಳ ಕ್ಷೇತ್ರದ ಶಿಕ್ಷಣ ಸಂಸ್ಥೆಯಿಂದ ಆರಂಭವಾಯಿತು. ಅದೇ ಆವರಣದಲ್ಲಿ 2003ರಲ್ಲಿ ವೈದ್ಯಕೀಯ ಕಾಲೇಜು, ಆಸ್ಪತ್ರೆ ಬಂದವು. ಉಡುಪಿಯ ಆಯುರ್ವೇದ ಕಾಲೇಜು 1958ರಷ್ಟು ಹಿಂದಿನದು, ಹಾಸನದ್ದು 1992ರದು. ಬೆಂಗಳೂರಿನ ವಸಂತನಗರದಲ್ಲಿ ಭಗವಾನ್ ಮಹಾವೀರ್ ಜೈನ್ ಆಸ್ಪತ್ರೆ ಇದೆ. ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕಗಳ ನೆನಪಿಗೆ ಆಸ್ಪತ್ರೆ ಕಟ್ಟಿಸುವ ಪರಿಪಾಠ ಬೆಳೆದಿದ್ದು, 2018ರ ಮಹೋತ್ಸವದ ವೇಳೆ ಬಾಹುಬಲಿ ಜನರಲ್ ಆಸ್ಪತ್ರೆ ಉದ್ಘಾಟನೆಯಾಯಿತು. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರಿಗೆ ಜೈಪುರದಲ್ಲಿ ಡಿ. ಆರ್. ಮೆಹ್ತಾ ಅವರು 1975ರಲ್ಲಿ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಉಚಿತವಾಗಿ ಕೃತಕ ಕಾಲು ಜೋಡಿಸುತ್ತದೆ.

ಈ ಸಂಸ್ಥೆಗಳ ಬಾಗಿಲು ಎಲ್ಲ ಧರ್ಮದವರಿಗೂ ತೆರೆದಿದೆ. ಜೈನರಿಗೆಂದೇ ಪ್ರತ್ಯೇಕ ರಿಯಾಯಿತಿ ಇರುತ್ತದೆಂದು ಭಾವಿಸಿ ಹೋಗಬಾರದು. ನೆರವು ಬೇಕಿದ್ದರೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಅಥವಾ ಸಾರ್ವಜನಿಕ ಸಂಪರ್ಕ ಅಧಿಕಾರಿಯನ್ನು ಮೊದಲೇ ಕಂಡು ಮಾತಾಡಬೇಕು, ಬಿಲ್ಲು ಬಂದ ಮೇಲಲ್ಲ.

ಹತ್ತಿರದಲ್ಲಿ ಯಾವುದೇ ದಂತ ವೈದ್ಯಕೀಯ ಕಾಲೇಜಿದ್ದರೆ ಅಲ್ಲಿನ ಪ್ರೊಸ್ಥೊಡಾಂಟಿಕ್ಸ್ ವಿಭಾಗದಲ್ಲಿ ಸೆಟ್ಟು ಕಟ್ಟುತ್ತಾರೆ. ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ಮಾಡುವುದರಿಂದ ಸಮಯ ಹೆಚ್ಚು ಹಿಡಿಯುತ್ತದೆ, ಖರ್ಚು ಖಾಸಗಿ ಕ್ಲಿನಿಕ್ಕಿಗಿಂತ ಬಹಳ ಕಡಿಮೆ. ಬೆಂಗಳೂರು ಮತ್ತು ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜುಗಳಿವೆ.

ಸರ್ಕಾರದ ಯೋಜನೆಗಳು

ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆ ಬಿಪಿಎಲ್ ಕುಟುಂಬದ ಹಲ್ಲಿಲ್ಲದ ಹಿರಿಯರಿಗೆ ಉಚಿತ ಸೆಟ್ಟು ಕೊಡಲೆಂದು 2014ರಲ್ಲಿ ಬಂದಿತು. ಮೊದಲು 60 ದಾಟಿದವರಿಗಿದ್ದ ಇದರ ವಯಸ್ಸಿನ ಮಿತಿಯನ್ನು ಬಳಿಕ 45ಕ್ಕೆ ಇಳಿಸಲಾಯಿತು. ಖಾಸಗಿ ದಂತ ಕಾಲೇಜುಗಳನ್ನೂ ಇದಕ್ಕೆ ಸೇರಿಸಿಕೊಳ್ಳಲಾಗಿದೆ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಂತವೈದ್ಯರು ಇದರ ದಾರಿ ತೋರಿಸುತ್ತಾರೆ.

ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರ ಏಪ್ರಿಲ್‌ನಲ್ಲಿ ಆರಂಭವಾಯಿತು. 60 ದಾಟಿದ, ಬಿಪಿಎಲ್ ಕಾರ್ಡ್ ಇರುವ ಅಥವಾ ತಿಂಗಳ ವರಮಾನ 15,000 ರೂ. ಮೀರದ ಹಿರಿಯರಿಗೆ ಊರುಗೋಲು, ಕನ್ನಡಕ, ಕಿವಿಯ ಯಂತ್ರ, ಗಾಲಿಕುರ್ಚಿ, ಹಲ್ಲಿನ ಸೆಟ್ಟುಗಳನ್ನು ಅಲಿಮ್ಕೊ ಸಂಸ್ಥೆಯ ಮೂಲಕ ಕೊಡುತ್ತದೆ. ಮೊದಲು ತಪಾಸಣಾ ಶಿಬಿರ, ಕೆಲವು ದಿನಗಳ ನಂತರ ವಿತರಣಾ ಶಿಬಿರ. ಮೊದಲನೆಯದಕ್ಕೆ ಹೋಗದವರಿಗೆ ಎರಡನೆಯದರಲ್ಲಿ ಏನೂ ಸಿಗುವುದಿಲ್ಲ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯೊಳಗೆ. ತುರ್ತು ಪ್ರಕರಣ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಪಡೆಯಬೇಕು. ಇದು ಒಳರೋಗಿ ಚಿಕಿತ್ಸೆಯ ಯೋಜನೆ. ದವಡೆ ಮುರಿತ, ಬಾಯಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಒದಗುತ್ತದೆ. ಹುಳುಕು ತುಂಬಿಸುವುದಕ್ಕೆ, ಸೆಟ್ಟಿಗೆ ಒದಗುವುದಿಲ್ಲ. 70 ವರ್ಷ ದಾಟಿದ ಎಲ್ಲರಿಗೂ ವರಮಾನದ ಮಿತಿಯಿಲ್ಲದ ಆಯುಷ್ಮಾನ್ ವಯ ವಂದನಾ ಕಾರ್ಡನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಜಾರಿಗೆ ತಂದಿತು. ಹೋಗಬೇಕೆಂದಿರುವ ಆಸ್ಪತ್ರೆ ಅದನ್ನು ಸ್ವೀಕರಿಸುತ್ತದೆಯೇ ಎಂದು ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿಕೊಂಡೇ ಹೊರಡಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳ ಸದಸ್ಯರಿಗೆ ಸಂಪೂರ್ಣ ಸುರಕ್ಷಾ ವಿಮೆಯೂ ಇದೆ.

ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಾಭಿವೃದ್ಧಿ ಕಾಯ್ದೆ, 2007ರ 20ನೇ ಕಲಂ ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲು ಇರಬೇಕೆನ್ನುತ್ತದೆ. ಸಾಲು ಕಾಣದಿದ್ದರೆ ಕೇಳಬೇಕು, ಕೇಳುವುದರಲ್ಲಿ ತಪ್ಪಿಲ್ಲ.

ವ್ರತ-ನಿಯಮಗಳೂ ಚಿಕಿತ್ಸೆಯೂ

ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ಹಿರಿಯರು ದಿನಕ್ಕೆ ಮೂರು ಸಲ ಬರೆದುಕೊಟ್ಟ ಮಾತ್ರೆಯಲ್ಲಿ ರಾತ್ರಿಯದನ್ನು ಸುಮ್ಮನೆ ಬಿಟ್ಟುಬಿಡುತ್ತಾರೆ, ವೈದ್ಯರಿಗೆ ಹೇಳುವುದಿಲ್ಲ. ರೋಗ ವಾಸಿಯಾಗದಿದ್ದಾಗ ವೈದ್ಯರು ಡೋಸು ಹೆಚ್ಚಿಸುತ್ತಾರೆ. ನಿಯಮವನ್ನು ಮೊದಲೇ ಹೇಳಿದರೆ ಎಷ್ಟೋ ಕಾಯಿಲೆಗಳಿಗೆ ದಿನಕ್ಕೆ ಒಂದು ಅಥವಾ ಎರಡು ಸಲದ ಮಾತ್ರೆ ಬರೆದುಕೊಡಲು ಸಾಧ್ಯವಿದೆ.

ಹಲ್ಲು ಕೀಳಿಸುವುದಿದ್ದರೆ ಬೆಳಿಗ್ಗೆಯ ಸಮಯ ಕೇಳಿ ಪಡೆಯಬೇಕು. ಮರಗಟ್ಟಿದ್ದು ಇಳಿಯಲು ಎರಡು-ಮೂರು ತಾಸು ಬೇಕು. ಆಮೇಲೆ ಮೆತ್ತಗಿನ ಊಟ ಮಾಡಿ, ನೋವಿನ ಮಾತ್ರೆ ತೆಗೆದುಕೊಂಡು, ಸಂಜೆಯೊಳಗೆ ಇನ್ನೊಮ್ಮೆ ಉಣ್ಣಲು ಹೊತ್ತು ಉಳಿಯುತ್ತದೆ. ಉಪವಾಸ ಅಥವಾ ಏಕಾಶನದ ದಿನ ಈ ಕೆಲಸ ಇಟ್ಟುಕೊಳ್ಳಬಾರದು. ಬರಿ ಹೊಟ್ಟೆಯಲ್ಲಿ ನೋವಿನ ಮಾತ್ರೆ ಜಠರಕ್ಕೆ ಕೆಡುಕು.

ದಶಲಕ್ಷಣ ಪರ್ವದಲ್ಲಾಗಲಿ ಪರ್ಯುಷಣದಲ್ಲಾಗಲಿ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಉಪವಾಸಕ್ಕೆ ಮೊದಲೇ ವೈದ್ಯರನ್ನು ಕಂಡು ಡೋಸನ್ನು ಹೊಂದಿಸಿಕೊಳ್ಳಬೇಕು. ಬೆವರು, ನಡುಕ, ಮಾತು ತೊದಲುವುದು ಕಂಡರೆ ಸಕ್ಕರೆ ಕುಸಿದಿದೆ ಎಂದರ್ಥ, ತಡಮಾಡದೆ ಸಕ್ಕರೆ ನೀರು ಕೊಡಬೇಕು.

ಪ್ರಾಣಿಜನ್ಯ ಪದಾರ್ಥಗಳ ಪ್ರಶ್ನೆಯೂ ಬರುತ್ತದೆ. ಕ್ಯಾಪ್ಸೂಲಿನ ಹೊರಕವಚ ಹೆಚ್ಚಾಗಿ ಜೆಲಟಿನ್. ಅದೇ ಔಷಧ ಮಾತ್ರೆಯ ರೂಪದಲ್ಲಿ ಸಿಗುವುದೇ ಕೇಳಬಹುದು. ಹೊಲಿಗೆಗೆ ಬಳಸುವ ಕ್ಯಾಟ್‌ಗಟ್ ದಾರ ಪ್ರಾಣಿಯ ಕರುಳಿನದು, ರೇಷ್ಮೆ ದಾರವೂ ಬಳಕೆಯಲ್ಲಿದೆ. ಇವಕ್ಕೆ ಬದಲು ಕೃತಕ ದಾರಗಳು ಸುಲಭವಾಗಿ ಸಿಗುತ್ತವೆ. ಇಂಪ್ಲಾಂಟ್ ಚಿಕಿತ್ಸೆಯಲ್ಲಿ ತುಂಬುವ ಮೂಳೆಪುಡಿ ದನದ ಮೂಳೆಯಿಂದ ತಯಾರಾದದ್ದಿರಬಹುದು, ಕೃತಕವಾದದ್ದೂ ಇದೆ. ಹೆಪಾರಿನ್ ಚುಚ್ಚುಮದ್ದು ಹಂದಿಯ ಕರುಳಿನಿಂದ ಬರುತ್ತದೆ. ಹೃದಯದ ತುರ್ತು ಚಿಕಿತ್ಸೆಯಲ್ಲಿ ಇಂಥವನ್ನು ವಿಚಾರಿಸುತ್ತ ಕೂರಲು ಸಮಯವಿರುವುದಿಲ್ಲ. ಆದ್ದರಿಂದ ಹಿರಿಯರ ಮನಸ್ಸೇನೆಂದು ಆರೋಗ್ಯವಾಗಿದ್ದಾಗಲೇ ಕೇಳಿಟ್ಟುಕೊಳ್ಳಬೇಕು. ಅಕ್ರಿಲಿಕ್ ಸೆಟ್ಟಿಗೆ ಈ ಯಾವ ಆತಂಕವೂ ಇಲ್ಲ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಹಲ್ಲು ಕೀಳಿಸಲೆಂದು ತಾವಾಗಿಯೇ ಅದನ್ನು ನಿಲ್ಲಿಸಬಾರದು. ಹೃದಯದ ಕವಾಟ ಬದಲಾಯಿಸಿಕೊಂಡವರು, ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಚುಚ್ಚುಮದ್ದು ಪಡೆಯುವವರು ದಂತವೈದ್ಯರಿಗೆ ಅದನ್ನು ಮೊದಲು ಹೇಳಬೇಕು. ನುಂಗುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋದರೆ ಸಾಕು, ಹೆಸರು ನೆನಪಿಡಬೇಕಿಲ್ಲ.

ಬಸದಿ ಸಮಿತಿ ಮತ್ತು ಮಹಿಳಾ ಸಮಾಜ ಏನು ಮಾಡಬಹುದು

ಸೆಟ್ಟು ಉಚಿತವಾಗಿ ಸಿಕ್ಕರೂ ಐದಾರು ಸಲ ಹೋಗಿಬರುವ ಖರ್ಚು, ಜೊತೆಗೆ ಹೋಗುವ ಮಗನ ಕೂಲಿನಷ್ಟ ಉಳಿದೇ ಇರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. 60 ದಾಟಿದ ಗಂಡಸರಿಗೆ ಟಿಕೆಟ್ಟಿನಲ್ಲಿ ಶೇ. 25 ರಿಯಾಯಿತಿ ಇದೆ. ಉಳಿದದ್ದು ಸಮಾಜದ ಕೆಲಸ. ಒಂದು ಊರಿನ ಮೂರು-ನಾಲ್ಕು ಹಿರಿಯರಿಗೆ ಒಂದೇ ದಿನದ ಸಮಯ ಪಡೆದು, ಒಬ್ಬ ಯುವಕ ಅಥವಾ ಯುವತಿ ಜೊತೆಗೆ ಹೋಗಿ, ಚೀಟಿ ಮಾಡಿಸಿ, ಮಧ್ಯಾಹ್ನ ಶುದ್ಧ ಊಟದ ವ್ಯವಸ್ಥೆ ಮಾಡಿ, ಸೂರ್ಯಾಸ್ತದೊಳಗೆ ಮನೆ ಮುಟ್ಟಿಸಿದರೆ ಅದು ಪೂರ್ಣ ಔಷಧದಾನ. ಇದಕ್ಕೆ ಲಕ್ಷಗಟ್ಟಲೆ ಹಣ ಬೇಡ. ಬಿಡುವಿರುವ ಒಬ್ಬರು ಬೇಕು.

ಫೋಟೊ ವಿಷಯ. ಬೊಚ್ಚುಬಾಯಿಯ ಅಜ್ಜಿಯನ್ನು ವೇದಿಕೆಗೆ ಕರೆದು, ಸೆಟ್ಟಿನ ಡಬ್ಬಿಯನ್ನು ಆರು ಕೈಗಳು ಹಿಡಿದು ತೆಗೆಸಿಕೊಂಡ ಚಿತ್ರ ವಾಟ್ಸಾಪ್ ಗುಂಪಿನಲ್ಲಿ ಬಂದ ಮೇಲೆ ಅದೇ ಊರಿನ ಇನ್ನೊಬ್ಬರು ನೆರವು ಕೇಳಲು ಬರುವುದಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವಿದೆ, ಇನ್ನೊಬ್ಬರ ಕೊರತೆಯನ್ನು ಬಯಲು ಮಾಡದಿರುವುದು. ನಿರ್ವಿಚಿಕಿತ್ಸೆಯೂ ಇದೆ, ರೋಗಿಯ ದೇಹವನ್ನು ಕಂಡು ಅಸಹ್ಯಪಡದಿರುವುದು; ಅದಕ್ಕೆ ಉದ್ದಾಯನ ರಾಜನ ಕಥೆ ಪ್ರಸಿದ್ಧ. ಮುಪ್ಪಿನವರ ಬಾಯಿ ಶುಚಿಮಾಡುವ ಸೊಸೆ, ಮೊಮ್ಮಗಳಿಗೆ ಈ ಅಂಗದ ಅರ್ಥ ವ್ಯಾಖ್ಯಾನವಿಲ್ಲದೆ ತಿಳಿದಿರುತ್ತದೆ. ನೆರವು ಪಡೆದವರ ಹೆಸರು ಸಮಿತಿಯ ಲೆಕ್ಕಪುಸ್ತಕದಲ್ಲಿರಲಿ, ಫಲಕದಲ್ಲಿ ಬೇಡ.

ಹೊರಡುವಾಗ ಆಧಾರ್, ರೇಷನ್ ಕಾರ್ಡುಗಳ ಮೂಲ ಮತ್ತು ನಕಲು, ಹಳೆಯ ಚೀಟಿಗಳು, ಸಂಪರ್ಕಕ್ಕೆ ಸಿಗುವ ಒಂದು ಮೊಬೈಲ್ ನಂಬರ್ ಇಟ್ಟುಕೊಳ್ಳಬೇಕು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕರೆ ಮಾಡಬಹುದು. ಆರೋಗ್ಯ ಸಹಾಯವಾಣಿ 104, ಆಂಬುಲೆನ್ಸ್ 108.